ನಕ್ಷೆ ಬರುವ ಮೊದಲು ಎಳೆದ ಗೆರೆ: ಹಡಗಿನಲ್ಲಿ ವಾಯುಮುಖಗಳನ್ನು ಓದಲು ಕಲಿತ ಅನುಭವ

ಕೆಡೆಟ್ ಆಗಿ ಮೊದಲ ಸರಕು ಹಡಗನ್ನು ಹತ್ತಿದಾಗ, ಹವಾಮಾನವೆಂದರೆ ಹಡಗು ನಡೆಸುವ ಕೋಣೆಯಾದ ಬ್ರಿಜ್‌ನ ಮೂಲೆಯಲ್ಲಿದ್ದ ಫ್ಯಾಕ್ಸ್ ಯಂತ್ರದಿಂದ ಹೊರಬರುವ ಕಪ್ಪು ಬಿಳುಪಿನ ನಕ್ಷೆ ಎಂದೇ ನಾನು ತಿಳಿದಿದ್ದೆ. ವಾಯುಮುಖವೆಂದರೆ ಬೇರೆ ಬೇರೆ ಗುಣದ ಎರಡು ಗಾಳಿರಾಶಿಗಳ ಗಡಿ; ತಣ್ಣನೆಯ ಗಾಳಿ ಮುನ್ನುಗ್ಗುವ ಶೀತ ವಾಯುಮುಖಕ್ಕೆ ನೀಲಿ ಬಣ್ಣ, ಬೆಚ್ಚನೆಯ ಗಾಳಿ ಮುನ್ನುಗ್ಗುವ ಉಷ್ಣ ವಾಯುಮುಖಕ್ಕೆ ಕೆಂಪು ಬಣ್ಣ ಎಂದು ಪಠ್ಯದಲ್ಲಿ ಓದಿಕೊಂಡು ಹೋಗಿದ್ದವನಿಗೆ ಆ ನಕ್ಷೆಯಲ್ಲಿ ಬಣ್ಣವೇ ಸಿಗಲಿಲ್ಲ. ಗೆರೆಯ ಮೇಲೆ ತ್ರಿಕೋನದ ಹಲ್ಲುಗಳಿದ್ದರೆ ಶೀತ, ಅರ್ಧವೃತ್ತಗಳಿದ್ದರೆ ಉಷ್ಣ, ಅವು ಯಾವ ಕಡೆಗೆ ಚಾಚಿವೆಯೋ ಗೆರೆ ಆ ಕಡೆಗೆ ಸಾಗುತ್ತಿದೆ ಎಂದು ಮತ್ತೆ ಮೊದಲಿನಿಂದ ಕಲಿಯಬೇಕಾಯಿತು. ಕಲಿತ ಮೇಲೂ ನನ್ನ ಓದು ಇಷ್ಟೇ ಇತ್ತು: ಗೆರೆ ಹಡಗಿನ ಮುಂದಿದ್ದರೆ ವಾಯುಮುಖ ಇನ್ನೂ ಬಂದಿಲ್ಲ, ಹಿಂದಿದ್ದರೆ ದಾಟಿಹೋಗಿದೆ. ನಕ್ಷೆಯ ಮೇಲೆ ಅಚ್ಚಾಗಿರುವ ಸಮಯ ಯುಟಿಸಿ, ಎಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಸಮಯ, ಎಂಬುದನ್ನೂ, ನಮ್ಮ ಕೈಗೆ ಬರುವಷ್ಟರಲ್ಲಿ ಅದು ಕೆಲವು ಗಂಟೆಗಳಷ್ಟು ಹಳೆಯದಾಗಿರುತ್ತದೆ ಎಂಬುದನ್ನೂ, ನಾಲ್ಕೇ ಗಂಟೆಯಲ್ಲಿ ಚುರುಕಾದ ವಾಯುಮುಖವೊಂದು 200 ಕಿಲೋಮೀಟರ್ ಸರಿದುಬಿಟ್ಟಿರಬಹುದು ಎಂಬುದನ್ನೂ ನಾನು ಗಣನೆಗೇ ತೆಗೆದುಕೊಂಡಿರಲಿಲ್ಲ.

ನಾನು ಚೀಫ್ ಆಫೀಸರ್ ಜೊತೆಗೆ ನಾಲ್ಕರಿಂದ ಎಂಟರ ಕಾವಲು ಪಾಳಿಯಾದ ವಾಚ್‌ನಲ್ಲಿದ್ದೆ. ಅವರು ಒಂದು ಬೆಳಿಗ್ಗೆ ನಕ್ಷೆಯನ್ನು ಮಡಿಸಿ ಮೇಜಿನ ಖಾನೆಯಲ್ಲಿಟ್ಟು, ಇನ್ನು ಮುಂದೆ ನಕ್ಷೆ ಬರುವ ಮೊದಲು ನೀನೇ ಒಂದು ಗೆರೆ ಎಳೆದಿರಬೇಕು, ಆಮೇಲೆ ಎರಡನ್ನೂ ಹೋಲಿಸೋಣ ಎಂದರು. ಅಂದಿನಿಂದ ವಾಯುಭಾರ, ಗಾಳಿಯ ದಿಕ್ಕು, ಮೋಡ, ಇಬ್ಬನಿ ಬಿಂದು (ಗಾಳಿ ತಣಿದು ಅದರ ಆವಿ ಹನಿಯಾಗತೊಡಗುವ ಉಷ್ಣತೆ) ಈ ನಾಲ್ಕನ್ನು ಗಂಟೆಗೊಮ್ಮೆ ನನ್ನದೇ ಪುಸ್ತಕದಲ್ಲಿ ಬರೆದು, ಖಾಲಿ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ವಾಯುಮುಖ ಎಲ್ಲಿರಬಹುದೆಂದು ಗುರುತಿಸುವುದು ನನ್ನ ಅಭ್ಯಾಸವಾಯಿತು. ಮೊದಲ ಕೆಲವು ತಿಂಗಳು ನನ್ನ ಗೆರೆಗಳು ನಗು ತರಿಸುವಂತಿದ್ದವು. ಆದರೆ ಏಕೆ ತಪ್ಪಿದೆ ಎಂದು ಹುಡುಕುವಾಗ ಕಲಿತದ್ದು ಯಾವ ತರಗತಿಯಲ್ಲಿಯೂ ಸಿಕ್ಕಿರಲಿಲ್ಲ.

ಒಂದೇ ಬಗೆಯ ಉಷ್ಣತೆ ಮತ್ತು ತೇವಾಂಶವುಳ್ಳ ವಿಶಾಲವಾದ ಗಾಳಿಯ ರಾಶಿಗೆ ವಾಯುರಾಶಿ ಎಂದು ಹೆಸರು. ಬೇರೆ ಬೇರೆ ಗುಣದ ಎರಡು ವಾಯುರಾಶಿಗಳು ಸಂಧಿಸುವ ಎಡೆಯೇ ವಾಯುಮುಖ. ಹಡಗಿನಲ್ಲಿ ಎಲ್ಲರೂ ಫ್ರಂಟ್ ಎಂದೇ ಅನ್ನುತ್ತಾರೆ, ಮತ್ತು ಆ ಪದ ಬಂದದ್ದು ಯುದ್ಧಭೂಮಿಯಿಂದ. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ನಾರ್ವೆಯ ಬರ್ಗನ್ ನಗರದಲ್ಲಿ ವಿಲ್ಹೆಲ್ಮ್ ಬ್ಯರ್ಕ್ನೆಸ್, ಅವರ ಮಗ ಜೇಕಬ್, ಹಾಲ್ವರ್ ಸೋಲ್ಬರ್ಗ್, ಟೂರ್ ಬರ್ಗರಾನ್ ಮುಂತಾದ ಹವಾಮಾನ ವಿಜ್ಞಾನಿಗಳು ವಾಯುಭಾರ ಕುಸಿತಗಳ ಒಳರಚನೆಯನ್ನು ಬಿಡಿಸುತ್ತಿದ್ದರು. ಎರಡು ಸೇನೆಗಳು ಎದುರಾಗುವ ರಣರೇಖೆಯ ಹೆಸರನ್ನೇ ಅವರು ಗಾಳಿಗೂ ಇಟ್ಟರು. ಚಲಿಸುವ ವಾಯುಭಾರ ಕುಸಿತದ ರಚನೆಯನ್ನು ಕುರಿತ ಪ್ರಬಂಧವನ್ನು 1919ರಲ್ಲಿ ಪ್ರಕಟಿಸಿದಾಗ ಜೇಕಬ್‌ಗೆ ಇನ್ನೂ 21 ವರ್ಷ. ಉಪಗ್ರಹವಾಗಲಿ ರಾಡಾರ್ ಆಗಲಿ ಇಲ್ಲದ ಕಾಲದಲ್ಲಿ, ಕರಾವಳಿಯ ಉದ್ದಕ್ಕೂ ಹೆಚ್ಚು ವೀಕ್ಷಣಾ ಕೇಂದ್ರಗಳನ್ನು ತೆರೆದು ಮೋಡ, ಗಾಳಿ, ಮಳೆಯ ವಿವರಗಳನ್ನು ಒಟ್ಟುಗೂಡಿಸಿದ್ದರಿಂದಲೇ ಇದು ಅವರಿಗೆ ಕಂಡಿತು ಎಂಬ ಸಂಗತಿ, ಗಂಟೆಗೊಮ್ಮೆ ಪುಸ್ತಕ ತುಂಬಿಸುತ್ತಿದ್ದ ನನಗೆ ಆಗ ದೊಡ್ಡ ಸಮಾಧಾನ ಕೊಟ್ಟಿತ್ತು.

ನನ್ನ ಮೊದಲ ತಿಳಿವಳಿಕೆ ಬದಲಾದದ್ದು ಇಳಿಜಾರಿನ ಲೆಕ್ಕದಿಂದ. ವಾಯುಮುಖವು ಗೋಡೆಯಂತೆ ನೆಟ್ಟಗೆ ನಿಂತಿರುವುದಿಲ್ಲ. ಹಗುರವಾದ ಬೆಚ್ಚನೆಯ ಗಾಳಿ ಭಾರವಾದ ತಣ್ಣನೆಯ ಗಾಳಿಯ ಬೆನ್ನೇರಿ ಹೋಗುವಾಗ ಉಂಟಾಗುವ ಉಷ್ಣ ವಾಯುಮುಖದ ಏರು ಬಹಳ ಮಂದವಾದದ್ದು. ಸುಮಾರು 150 ಕಿಲೋಮೀಟರ್ ಸಾಗಿದರೆ ಒಂದು ಕಿಲೋಮೀಟರ್ ಎತ್ತರ. ಹಾಗಾದರೆ ಎಂಟು ಕಿಲೋಮೀಟರ್ ಎತ್ತರದಲ್ಲಿ ಕೊಕ್ಕೆಯಂತೆ ಬಾಗಿದ ಸಿರಸ್ ಮೋಡ ಕಂಡಾಗ, ಅದೇ ವಾಯುಮುಖ ನೀರಿಗೆ ತಾಗುವ ಜಾಗ ಇನ್ನೂ 1,200 ಕಿಲೋಮೀಟರ್ ದೂರದಲ್ಲಿದೆ. ಅದು 25 ನಾಟ್ ವೇಗದಲ್ಲಿ, ಎಂದರೆ ಗಂಟೆಗೆ ಸುಮಾರು 46 ಕಿಲೋಮೀಟರಿನಂತೆ ಬರುತ್ತಿದ್ದರೆ, ನಿಂತಲ್ಲೇ ನಿಂತವನಿಗೆ 26 ಗಂಟೆಗಳ ಬಿಡುವಿದೆ. ನಾನು ಹಾಗೆಯೇ ಲೆಕ್ಕ ಹಾಕಿ, ಮಳೆ ನಾಳೆ ಬೆಳಿಗ್ಗೆ ಎಂದು ಬರೆದಿದ್ದೆ. ಮಳೆ ಆ ರಾತ್ರಿಯೇ ಬಂತು. ನಾವು ಅಟ್ಲಾಂಟಿಕ್‌ನಲ್ಲಿ ಪಶ್ಚಿಮಕ್ಕೆ 15 ನಾಟ್ ವೇಗದಲ್ಲಿ ಹೋಗುತ್ತಿದ್ದೆವು, ವಾಯುಮುಖ ಪೂರ್ವಕ್ಕೆ ಬರುತ್ತಿತ್ತು. ಎರಡು ವೇಗಗಳನ್ನೂ ಕೂಡಿಸಿದರೆ ಬಿಡುವು 16 ಗಂಟೆಗೆ ಇಳಿಯುತ್ತದೆ, ವಾಯುಮುಖಕ್ಕೆ ಬಹಳ ಮುಂಚಿತವಾಗಿಯೇ ಸುರಿಯತೊಡಗುವ ಮಳೆಗಂತೂ ಇನ್ನೂ ಕಡಿಮೆ. ಹಡಗಿನಿಂದ ಹವಾಮಾನ ಓದುವವನು ತಾನೂ ಚಲಿಸುತ್ತಿದ್ದೇನೆ ಎಂಬುದನ್ನು ಎಷ್ಟು ಸುಲಭವಾಗಿ ಮರೆಯುತ್ತಾನೆಂದರೆ, ನಾನು ಅದನ್ನು ಅದೇ ವಾರದಲ್ಲಿ ಎರಡನೆಯ ಸಲವೂ ಮರೆತೆ.

ಈ ಎರಡನೆಯ ತಪ್ಪು ಗಾಳಿಯ ವಿಷಯದಲ್ಲಿ ಆಯಿತು. ಉತ್ತರ ಗೋಳಾರ್ಧದಲ್ಲಿ ಉಷ್ಣ ವಾಯುಮುಖ ಸಮೀಪಿಸುವಾಗ ಗಾಳಿ ಸಾಮಾನ್ಯವಾಗಿ ಆಗ್ನೇಯದಿಂದಲೋ ದಕ್ಷಿಣದಿಂದಲೋ ಬೀಸುತ್ತದೆ, ಅದು ದಾಟಿದ ಮೇಲೆ ನೈಋತ್ಯಕ್ಕೆ ತಿರುಗುತ್ತದೆ, ಶೀತ ವಾಯುಮುಖ ದಾಟಿದ ಮೇಲೆ ವಾಯವ್ಯಕ್ಕೆ. ಒಟ್ಟಿನಲ್ಲಿ ಪ್ರದಕ್ಷಿಣೆ ಬಂದಂತೆ. ಅಂದು ಗಾಳಿಯ ಸೂಚಕ ನೈಋತ್ಯದಿಂದ 21 ನಾಟ್ ಎಂದು ತೋರಿಸುತ್ತಿದ್ದುದನ್ನು ನೋಡಿ, ಉಷ್ಣ ವಾಯುಮುಖ ದಾಟಿಹೋಯಿತು ಎಂದು ನಾನು ಪೆನ್ಸಿಲ್ ಗೆರೆಯನ್ನು ಹಡಗಿನ ಹಿಂದೆ ಎಳೆದೆ. ಆದರೆ ಮೋಡ ತಗ್ಗುತ್ತಲೇ ಇತ್ತು, ವಾಯುಭಾರ ಇಳಿಯುತ್ತಲೇ ಇತ್ತು. ಚೀಫ್ ಆಫೀಸರ್ ಏನೂ ಹೇಳದೆ ಕಾಗದದ ಮೇಲೆ ಎರಡು ಬಾಣ ಬರೆದರು. ಪಶ್ಚಿಮಕ್ಕೆ 15 ನಾಟ್ ವೇಗದಲ್ಲಿ ಹೋಗುವ ಹಡಗು ತನ್ನಷ್ಟಕ್ಕೇ ಮೂಗಿನ ಮೇಲೆ 15 ನಾಟ್ ಪಶ್ಚಿಮದ ಗಾಳಿಯನ್ನು ಹುಟ್ಟಿಸಿಕೊಳ್ಳುತ್ತದೆ. ಅದಕ್ಕೆ ದಕ್ಷಿಣದ 15 ನಾಟ್ ನಿಜವಾದ ಗಾಳಿ ಸೇರಿದಾಗ, ಡೆಕ್ ಮೇಲೆ ನಿಂತವನಿಗೆ ನೈಋತ್ಯದ 21 ನಾಟ್ ಗಾಳಿ ತಾಗುತ್ತದೆ. ನಿಜವಾದ ಗಾಳಿ ಇನ್ನೂ ದಕ್ಷಿಣದಲ್ಲೇ ಇತ್ತು. ಆಮೇಲಿಂದ ಸೂಚಕವನ್ನು ನಂಬುವ ಮೊದಲು ಅಲೆಗಳ ತುದಿಯ ನೊರೆ ಯಾವ ಕಡೆಗೆ ಹರಿಯುತ್ತಿದೆ ಎಂದು ನೋಡಿಕೊಳ್ಳುತ್ತೇನೆ.

ಮೋಡಗಳ ಸರಣಿ ಮಾತ್ರ ಮೋಸ ಮಾಡುವುದು ಅಪರೂಪ. ಸಿರಸ್ ನಂತರ ಹಾಲಿನ ಪರದೆಯಂಥ ಸಿರೋಸ್ಟ್ರೇಟಸ್ ಹರಡಿ ಸೂರ್ಯನಿಗೋ ಚಂದ್ರನಿಗೋ ಬೆಳಕಿನ ಉಂಗುರದಂಥ ಗುಡಿ ಕಟ್ಟುತ್ತದೆ. ಬಳಿಕ ಉಜ್ಜಿದ ಗಾಜಿನ ಹಿಂದೆ ಇಟ್ಟಂತೆ ಸೂರ್ಯನನ್ನು ಮಸುಕಾಗಿಸುವ ಆಲ್ಟೋಸ್ಟ್ರೇಟಸ್, ಕೊನೆಗೆ ಬೂದುಬಣ್ಣದ ನಿಂಬೋಸ್ಟ್ರೇಟಸ್ ಮತ್ತು ಬಿಡದೆ ಸುರಿಯುವ ಸಮಾನವಾದ ಮಳೆ. ಗುಡಿ ಕಟ್ಟಿದ್ದಕ್ಕೆಲ್ಲ ಮಳೆ ಬರುವುದಿಲ್ಲವೆಂಬುದು ನಿಜ. ಆದರೆ ಗುಡಿಯ ಜೊತೆಗೆ ವಾಯುಭಾರವೂ ಮೂರು ಗಂಟೆಯಲ್ಲಿ ಎರಡು ಮೂರು ಮಿಲಿಬಾರ್ ಇಳಿದಿದ್ದರೆ ನಾನು ಮಳೆಯಂಗಿಯನ್ನು ಹೊರಗೆ ತೆಗೆದಿಡುತ್ತೇನೆ.

ಉಷ್ಣ ವಾಯುಮುಖ ದಾಟಿದಾಗ ಮಳೆ ನಿಲ್ಲುತ್ತದೆ ಅಥವಾ ತುಂತುರಾಗುತ್ತದೆ, ವಾಯುಭಾರದ ಇಳಿತ ನಿಧಾನವಾಗುತ್ತದೆ, ಗಾಳಿ ಬೆಚ್ಚಗೆ ಜಿಗುಟಾಗುತ್ತದೆ. ಎರಡು ವಾಯುಮುಖಗಳ ನಡುವಿನ ಈ ಬೆಚ್ಚನೆಯ ವಲಯದಲ್ಲಿ ನಾನು ಕಲಿತದ್ದೆಂದರೆ ಇಬ್ಬನಿ ಬಿಂದುವಿನ ಬೆಲೆ. ಬಂದ ಗಾಳಿಯ ಇಬ್ಬನಿ ಬಿಂದು 14 ಡಿಗ್ರಿ, ಕೆಳಗಿನ ಸಮುದ್ರದ ನೀರು 11 ಡಿಗ್ರಿ ಇದ್ದರೆ, ನೀರಿಗೆ ತಾಗಿದ ಗಾಳಿ ತಣಿದು ಮಂಜು ಕವಿಯುವುದು ಹೆಚ್ಚುಕಡಿಮೆ ಖಚಿತ, ಮತ್ತು ಆ ಮಂಜು ಗಾಳಿ ಬೀಸಿದರೂ ಸುಲಭಕ್ಕೆ ಚದುರುವುದಿಲ್ಲ. ಹಡಗಿನೊಳಗೆ ಸರಕು ತುಂಬುವ ಕೋಣೆಯಾದ ಹೋಲ್ಡ್‌ಗೂ ಇದೇ ಅಂಕಿ ಬೇಕು. ಹೊರಗಿನ ಗಾಳಿಯ ಇಬ್ಬನಿ ಬಿಂದು ಹೋಲ್ಡ್ ಒಳಗಿನದಕ್ಕಿಂತ ಹೆಚ್ಚಿದ್ದಾಗ ಗಾಳಿಕಿಂಡಿ ತೆರೆದರೆ ತಣ್ಣನೆಯ ಸರಕಿನ ಮೇಲೆ ಬೆವರು ಕೂರುತ್ತದೆ. ಶೀತ ವಾಯುಮುಖ ದಾಟಿದ ಮೇಲೆ ಹೊರಗಿನ ಗಾಳಿ ಒಣಗಿದಾಗ ಅದೇ ಕಿಂಡಿಯನ್ನು ತೆರೆಯದಿದ್ದರೆ ತಣಿದ ಉಕ್ಕಿನ ಒಳಮೈ ಬೆವರಿ ಸರಕಿನ ಮೇಲೆ ತೊಟ್ಟಿಕ್ಕುತ್ತದೆ. ವಾಯುಮುಖ ಯಾವಾಗ ದಾಟಿತು ಎಂಬ ಪ್ರಶ್ನೆಗೆ ಕೈಕೆಲಸದ ಮಟ್ಟದ ಉತ್ತರ ಬೇಕಾಗುವುದು ಇಲ್ಲಿಯೇ.

ಥರ್ಡ್ ಆಫೀಸರ್ ಆಗಿ ಸ್ವತಂತ್ರವಾಗಿ ವಾಚ್ ನೋಡಿಕೊಳ್ಳತೊಡಗಿದ ಮೊದಲ ಚಳಿಗಾಲದಲ್ಲಿ, ಇಂಥ ಬೆಚ್ಚನೆಯ ವಲಯದಲ್ಲಿ ಒಂದು ರಾತ್ರಿ ನಾನು ನೆಮ್ಮದಿಯಾಗಿದ್ದೆ. ವಾಯುಭಾರ ಎರಡು ಗಂಟೆಯಿಂದ ಅಲುಗಿರಲಿಲ್ಲ, ಮಳೆ ನಿಂತಿತ್ತು. ಕೆಟ್ಟದ್ದು ಕಳೆಯಿತು ಎಂದುಕೊಂಡೆ. ಹತ್ತು ಗಂಟೆಯ ಹೊತ್ತಿಗೆ ವಾಯುಭಾರ ಮತ್ತೆ ಜಾರತೊಡಗಿತು, ರಾಡಾರ್ ಪರದೆಯ ಮೇಲ್ತುದಿಯಲ್ಲಿ ಮಳೆಯ ತೆಳುವಾದ ಉದ್ದನೆಯ ಪಟ್ಟಿಯೊಂದು ಮೂಡಿತು. ನಾನು ಅದನ್ನು ಬಿಡಿ ಮಳೆಯೆಂದು ಉಪೇಕ್ಷಿಸಿದೆ. ಶೀತ ವಾಯುಮುಖದ ಇಳಿಜಾರು ಉಷ್ಣ ವಾಯುಮುಖದ್ದಕ್ಕಿಂತ ಎರಡು ಪಟ್ಟೋ ಅದಕ್ಕಿಂತ ಹೆಚ್ಚೋ ಕಡಿದಾಗಿರುತ್ತದೆ. ತಣ್ಣನೆಯ ಗಾಳಿ ಬೆಚ್ಚನೆಯ ಗಾಳಿಯ ಬುಡಕ್ಕೆ ಬೆಣೆಯಂತೆ ನುಗ್ಗಿ ಅದನ್ನು ಥಟ್ಟನೆ ಮೇಲೆತ್ತುವುದರಿಂದ ಮಳೆಯ ಪಟ್ಟಿ ಕಿರಿದು, ಹೊಡೆತ ಜೋರು, ಮುನ್ಸೂಚನೆ ಅಲ್ಪ. ಆ ಪಟ್ಟಿ ನಮ್ಮ ಮೇಲೆ ಬಂದಾಗ ಗಾಳಿ ಕೆಲವೇ ನಿಮಿಷಗಳಲ್ಲಿ ನೈಋತ್ಯದಿಂದ ವಾಯವ್ಯಕ್ಕೆ ಹೊರಳಿತು, ಹೊಸ ದಿಕ್ಕಿನ ಅಲೆ ಹಳೆಯ ದಿಕ್ಕಿನ ಅಲೆಯನ್ನು ಅಡ್ಡಹಾಯ್ದು ಹಡಗು ಎರಡೂ ಕಡೆಗೆ ಹೊಯ್ದಾಡಿತು, ಅಡುಗೆಮನೆಯಲ್ಲಿ ಕಟ್ಟಿಡದ ಪಾತ್ರೆಗಳೆಲ್ಲ ನೆಲಕ್ಕೆ ಬಿದ್ದವು. ವಾಯುಭಾರದ ಏರಿಳಿತವನ್ನು ಗೆರೆಯಾಗಿ ಬರೆಯುವ ಬಾರೋಗ್ರಾಫ್ ಯಂತ್ರದ ಕಾಗದದ ಮೇಲೆ ಮಾತ್ರ ಮುಳ್ಳು ಚೂಪಾದ ಒಂದು ಕಣಿವೆಯನ್ನು ಬರೆದು ಸರಸರನೆ ಮೇಲೇರುತ್ತಿತ್ತು. ಅಲುಗದ ವಾಯುಭಾರ ಒಳ್ಳೆಯ ಹವೆಯ ಗುರುತು ಎಂಬ ನನ್ನ ನಂಬಿಕೆ ಅಲ್ಲಿಗೆ ಮುಗಿಯಿತು. ಅದಕ್ಕೆ ಮುಂಚೆ ಏನಾಗಿತ್ತು ಎಂಬುದರ ಮೇಲೆ ಅದರ ಅರ್ಥ ನಿಲ್ಲುತ್ತದೆ.

ಶೀತ ವಾಯುಮುಖ ದಾಟಿದ್ದನ್ನು ಉಷ್ಣತೆಯೊಂದರಿಂದಲೇ ನಿರ್ಧರಿಸುವುದೂ ಅಪಾಯವೇ. ತಣ್ಣನೆಯ ಗಾಳಿ ಬೆಚ್ಚನೆಯ ನೀರಿನ ಮೇಲೆ ಹಾದುಬರುವಾಗ ತಾನೂ ಬೆಚ್ಚಗಾಗುತ್ತದೆ, ಹಾಗಾಗಿ ಉಷ್ಣಮಾಪಕದ ಇಳಿತ ಅಲ್ಪವಾಗಿರಬಹುದು. ಇಬ್ಬನಿ ಬಿಂದುವಿನ ಇಳಿತ ಅದಕ್ಕಿಂತ ಸ್ಪಷ್ಟ. ಒಮ್ಮೆ ಗಾಳಿ ಹೊರಳಿ, ಆಕಾಶ ತೊಳೆದಂತಾಗಿ, ದಿಗಂತ ಗೆರೆ ಕೊರೆದಂತೆ ಕಂಡರೂ ನನ್ನ ಪುಸ್ತಕದಲ್ಲಿ ಇಬ್ಬನಿ ಬಿಂದು ಇಳಿಯಲೇ ಇಲ್ಲ. ಕಾರಣ ಹುಡುಕಿದಾಗ, ಇಬ್ಬನಿ ಬಿಂದುವನ್ನು ಲೆಕ್ಕಹಾಕಲು ಬಳಸುವ ಒದ್ದೆ ಬುರುಡೆಯ ಉಷ್ಣಮಾಪಕಕ್ಕೆ ಸುತ್ತಿದ್ದ ಬಟ್ಟೆಯ ಮೇಲೆ ಉಪ್ಪು ಕಟ್ಟಿತ್ತು. ಉಪ್ಪಿರುವ ನೀರು ಸರಿಯಾಗಿ ಆವಿಯಾಗದ ಕಾರಣ ಆ ಉಷ್ಣಮಾಪಕ ಇರಬೇಕಾದ್ದಕ್ಕಿಂತ ಹೆಚ್ಚಿನ ಅಂಕಿ ತೋರಿಸುತ್ತಿತ್ತು. ಬಟ್ಟೆ ಬದಲಿಸಿ, ಶುದ್ಧೀಕರಿಸಿದ ನೀರು ಹಾಕಿದ ಮೇಲೆ ಎಲ್ಲ ಸರಿಹೋಯಿತು.

ಉಪಕರಣವೇ ಇಲ್ಲದೆ ನೋಡುವ ಒಂದು ಉಪಾಯ ಇಂದಿಗೂ ನನಗೆ ಬಹಳ ಮೆಚ್ಚುಗೆಯದು. ಉತ್ತರ ಗೋಳಾರ್ಧದಲ್ಲಿ ನಿಜವಾದ ಗಾಳಿಗೆ ಬೆನ್ನುಕೊಟ್ಟು ನಿಂತು ಎತ್ತರದ ಮೋಡಗಳನ್ನು ನೋಡಬೇಕು. ಅವು ಎಡದಿಂದ ಬರುತ್ತಿದ್ದರೆ ಹವೆ ಕೆಡುವ ಸಂಭವ ಹೆಚ್ಚು, ಬಲದಿಂದ ಬರುತ್ತಿದ್ದರೆ ಸುಧಾರಿಸುವ ಸಂಭವ ಹೆಚ್ಚು. ದಕ್ಷಿಣ ಗೋಳಾರ್ಧದಲ್ಲಿ ಎಡಬಲಗಳು ಅದಲುಬದಲು, ಗಾಳಿ ತಿರುಗುವುದೂ ಅಪ್ರದಕ್ಷಿಣೆಯಾಗಿ. ಉಷ್ಣವಲಯದಲ್ಲಿ ಇದಾವುದೂ ನಡೆಯುವುದಿಲ್ಲ. ಅಲ್ಲಿ ಇಂಥ ವಾಯುಮುಖಗಳು ಉಳಿಯುವುದೇ ವಿರಳ, ಜೊತೆಗೆ ವಾಯುಭಾರ ದಿನಕ್ಕೆರಡು ಸಲ ತಾನಾಗಿಯೇ ಏರಿಳಿಯುತ್ತದೆ. ಹತ್ತು ಗಂಟೆಯ ಸುಮಾರಿಗೆ ಏರಿ ನಾಲ್ಕರ ಸುಮಾರಿಗೆ ಇಳಿಯುವ ಆ ಮೂರು ಮಿಲಿಬಾರ್‌ಗೆ ಹೆದರಿ ಕ್ಯಾಪ್ಟನ್ನರನ್ನು ಎಬ್ಬಿಸಿದ ಸಂಗತಿಯನ್ನು ಇಲ್ಲಿ ವಿವರಿಸಲಾರೆ.

ಶೀತ ವಾಯುಮುಖ ವೇಗವಾಗಿ ಬಂದು ಉಷ್ಣ ವಾಯುಮುಖವನ್ನು ಹಿಡಿದಾಗ ಆಗುವ ಕೂಡುಮುಖವನ್ನು, ನಕ್ಷೆಯಲ್ಲಿ ತ್ರಿಕೋನ ಮತ್ತು ಅರ್ಧವೃತ್ತ ಒಂದೇ ಬದಿಯಲ್ಲಿ ಸಾಲಾಗಿ ಇರುವುದನ್ನು, ಬ್ರಿಜ್‌ನಿಂದ ಗುರುತಿಸುವುದು ಕಷ್ಟ. ಬೆಚ್ಚನೆಯ ವಲಯವೇ ಇಲ್ಲದೆ ಉದ್ದನೆಯ ಮಳೆಯಿಂದ ನೇರವಾಗಿ ವಾಯವ್ಯದ ಗಾಳಿಗೆ ಜಿಗಿದರೆ ನಾನು ಅದೇ ಎಂದು ಬರೆದುಕೊಳ್ಳುತ್ತೇನೆ.

ನನ್ನನ್ನು ಇಂದಿಗೂ ತಡಬಡಾಯಿಸುವಂತೆ ಮಾಡುವುದು ಹಿಂದಿರುಗುವ ವಾಯುಮುಖ. ಒಮ್ಮೆ ಶೀತ ವಾಯುಮುಖ ನಿಯಮದಂತೆ ದಾಟಿ, ವಾಯುಭಾರ ಏರುತ್ತ, ವಾಯವ್ಯದ ಗಾಳಿಯಲ್ಲಿ ಬಿಡಿ ಮೋಡಗಳು ಓಡುತ್ತಿದ್ದವು. ಐದು ಗಂಟೆಯ ನಂತರ ಏರಿಕೆ ನಿಂತಿತು. ಗಾಳಿ ವಾಯವ್ಯದಿಂದ ಪಶ್ಚಿಮಕ್ಕೆ, ಅಲ್ಲಿಂದ ನೈಋತ್ಯಕ್ಕೆ ಅಪ್ರದಕ್ಷಿಣೆಯಾಗಿ ಹಿಂದೆ ಸರಿಯಿತು, ಎತ್ತರದಲ್ಲಿ ಮತ್ತೆ ಹಾಲಿನ ಪರದೆ ಹರಡಿತು. ದಾಟಿಹೋದ ಗೆರೆಯ ಬಾಲದ ಮೇಲೆ ಹೊಸ ಅಲೆಯೊಂದು ಎದ್ದು, ಆ ಭಾಗ ಉಷ್ಣ ವಾಯುಮುಖವಾಗಿ ನಮ್ಮ ಕಡೆಗೆ ಮರಳುತ್ತಿರಬೇಕೆಂದು ಊಹಿಸಿ, ಪೆನ್ಸಿಲ್ ಗೆರೆಯನ್ನು ಅಳಿಸಿ ಹಡಗಿನ ನೈಋತ್ಯದಲ್ಲಿ ಒಂದು ಉಬ್ಬು ಬರೆದೆ, ಹೋಲ್ಡ್‌ನ ಗಾಳಿಕಿಂಡಿಗಳನ್ನು ಮುಚ್ಚಲು ಹೇಳಿದೆ. ಮುಂದಿನ ನಕ್ಷೆ ಬಂದಾಗ ಉಬ್ಬು ಅಲ್ಲಿಯೇ ಇತ್ತು, ನಾನು ಬರೆದದ್ದಕ್ಕಿಂತ ನೂರಿಪ್ಪತ್ತು ಮೈಲಿ ಹತ್ತಿರದಲ್ಲಿ. ಅಷ್ಟರಲ್ಲಿ ಬ್ರಿಜ್‌ನ ಕಿಟಕಿಯ ಮೇಲೆ ಮಳೆ ಬೀಳುತ್ತಿತ್ತು.