ಬೇಸಿಗೆ ಶುರುವಿನ ರೈತರ ಸಂತೆ: ಮೊದಲು ಕೇಳಬೇಕಾದದ್ದು ‘ಯಾವಾಗ ಕೊಯ್ದದ್ದು?’

ರೈತರ ಸಂತೆಯಲ್ಲಿ ನಾನು ಮೊದಲು ಬೆಲೆ ಕೇಳುವುದಿಲ್ಲ. ‘ಇದನ್ನು ಯಾವಾಗ ಕೊಯ್ದದ್ದು?’ ಅಂತ ಕೇಳುತ್ತೇನೆ. ಬೆಳೆದವರೇ ಎದುರಿಗೆ ಇರುವಾಗ ಉತ್ತರ ತಕ್ಷಣ ಸಿಗುತ್ತದೆ. ಇವತ್ತು ಬೆಳಗಿನ ಜಾವ, ನಿನ್ನೆ ಸಂಜೆ, ಮೊನ್ನೆ. ಆ ಉತ್ತರ ನೋಡಿಕೊಂಡೇ ಯಾವುದನ್ನು ಎಷ್ಟು ತಗೊಳ್ಳಬೇಕು, ಯಾವುದನ್ನು ಇವತ್ತೇ ಬೇಯಿಸಬೇಕು ಅಂತ ಲೆಕ್ಕ ಹಾಕುತ್ತೇನೆ.

ಇದನ್ನು ನನಗೆ ಕಲಿಸಿದ್ದು ಹಸಿ ಬಟಾಣಿ. ಒಂದು ಭಾನುವಾರ ಸಂತೆಯಲ್ಲೇ ಒಂದು ಕಾಯಿ ಬಿಡಿಸಿ ಕಾಳು ಬಾಯಿಗೆ ಹಾಕಿಕೊಂಡೆ. ಸಕ್ಕರೆ ಹಾಗಿತ್ತು. ಖುಷಿಯಾಗಿ ಎರಡು ಕಿಲೋ ತಂದೆ. ಬಿಡಿಸಲು ಪುರುಸೊತ್ತಾಗದೆ ಅಡುಗೆಮನೆಯ ಮೂಲೆಯಲ್ಲಿ ಚೀಲದಲ್ಲೇ ಬಿಟ್ಟೆ. ಬುಧವಾರ ಬೇಯಿಸಿದರೆ ಕಾಳು ಹಿಟ್ಟು ಹಿಟ್ಟು, ಸಿಹಿಯೇ ಇಲ್ಲ. ರೈತರು ಕೊಟ್ಟಿದ್ದು ಒಳ್ಳೆಯ ಮಾಲೇ. ಕೆಡಿಸಿದ್ದು ಆ ಮೂರು ದಿನದ ಸೆಕೆ.

ಕೊಯ್ದ ಮೇಲೂ ತರಕಾರಿ ಉಸಿರಾಡುತ್ತಲೇ ಇರುತ್ತದೆ. ಒಳಗಿನ ಸಕ್ಕರೆ ಖರ್ಚಾಗುತ್ತದೆ, ನೀರು ಆರುತ್ತದೆ. ಸೆಕೆ ಜಾಸ್ತಿ ಆದಷ್ಟೂ ಇದು ಬೇಗ ನಡೆಯುತ್ತದೆ. ಬಟಾಣಿ ಮತ್ತು ಸಿಹಿ ಜೋಳದಲ್ಲಂತೂ ಕಿತ್ತ ಗಳಿಗೆಯಿಂದಲೇ ಸಕ್ಕರೆ ಪಿಷ್ಟವಾಗಿ ತಿರುಗುತ್ತಾ ಹೋಗುತ್ತದೆ. ಇವೆರಡನ್ನೂ ತಂದ ದಿನವೇ ತಿನ್ನಿ. ಆಗದಿದ್ದರೆ ಬಟಾಣಿ ಬಿಡಿಸಿ, ಕುದಿಯುವ ನೀರಿನಲ್ಲಿ ಒಂದೂವರೆ ನಿಮಿಷ ಹಾಕಿ, ತಕ್ಷಣ ಐಸ್ ನೀರಿಗೆ ಬಸಿದು, ಒರೆಸಿ ಫ್ರೀಜರ್‌ಗೆ ಹಾಕಿ. ಸಿಹಿ ಹಾಗೇ ಉಳಿಯುತ್ತದೆ. ಜೋಳದ ತೆನೆಯ ಸಿಪ್ಪೆಯನ್ನು ಸಂತೆಯಲ್ಲೇ ಪೂರ್ತಿ ಸುಲಿದು ನೋಡಬೇಡಿ, ಕಾಳು ಒಣಗುತ್ತದೆ. ಸಿಪ್ಪೆಯ ಮೇಲಿಂದಲೇ ಬೆರಳಲ್ಲಿ ಒತ್ತಿದರೆ ತುದಿಯವರೆಗೂ ಕಾಳು ತುಂಬಿದೆಯೋ ಇಲ್ಲವೋ ಗೊತ್ತಾಗುತ್ತದೆ. ತೊಟ್ಟು ಕತ್ತರಿಸಿದ ಜಾಗ ಹಸಿಯಾಗಿದ್ದರೆ ಹೊಸದು, ಕಂದಾಗಿ ಒಣಗಿದ್ದರೆ ಹಳೆಯದು.

ಸಂತೆ ತೆರೆಯುವ ಹೊತ್ತಿಗೇ ಹೋಗಿ. ಬಿಸಿಲೇರುವ ಮುಂಚೆ ಕೊಯ್ದ ಸೊಪ್ಪು ಇನ್ನೂ ತಂಪಾಗಿರುತ್ತದೆ. ನಾನು ಎರಡು ಬಟ್ಟೆ ಚೀಲ, ಒಂದು ಒದ್ದೆ ಬಟ್ಟೆ, ಮೆತ್ತನೆ ಹಣ್ಣಿಗೆ ಒಂದು ಅಗಲದ ಡಬ್ಬ ತಗೊಂಡು ಹೋಗುತ್ತೇನೆ. ಮೊದಲು ಏನೂ ಕೊಳ್ಳದೆ ಒಂದು ಸುತ್ತು ಹಾಕುತ್ತೇನೆ. ಯಾರ ಹತ್ತಿರ ಏನು ಬಂದಿದೆ ಅಂತ ನೋಡದೆ ಮೊದಲ ಅಂಗಡಿಯಲ್ಲೇ ಚೀಲ ತುಂಬಿಸಿಕೊಂಡರೆ, ಕೊನೆಯಲ್ಲಿ ಇನ್ನೂ ಚೆನ್ನಾಗಿರುವುದು ಕಂಡಾಗ ಹೊಟ್ಟೆ ಉರಿಯುತ್ತದೆ, ಅಲ್ವಾ?

ಈಗ ಕಲ್ಲಂಗಡಿ. ಬೇಸಿಗೆ ಶುರುವಿನಲ್ಲಿ ಎಲ್ಲರೂ ಮೋಸ ಹೋಗುವುದು ಇದರಲ್ಲೇ. ಮೊದಲ ಹಣ್ಣಿಗೆ ಬೇಡಿಕೆ ಇರುವುದರಿಂದ ಕೆಲವರು ಪೂರ್ತಿ ಮಾಗುವ ಮುಂಚೆಯೇ ಕಿತ್ತುಬಿಡುತ್ತಾರೆ. ಬಳ್ಳಿಯಿಂದ ಕಿತ್ತ ಮೇಲೆ ಕಲ್ಲಂಗಡಿಯ ಸಿಹಿ ಹೆಚ್ಚುವುದಿಲ್ಲ. ಮನೆಯಲ್ಲಿಟ್ಟು ಹಣ್ಣು ಮಾಡೋಣ ಅಂದರೆ ಆಗುವ ಮಾತಲ್ಲ. ಹಾಗಾಗಿ ಕೊಳ್ಳುವಾಗಲೇ ನೋಡಬೇಕು.

ಹಣ್ಣನ್ನು ಮಗುಚಿ ಹಾಕಿ. ನೆಲಕ್ಕೆ ತಾಗಿಕೊಂಡಿದ್ದ ಕಡೆ ಒಂದು ಮಚ್ಚೆ ಇರುತ್ತದೆ. ಅದು ಬೆಣ್ಣೆಯ ಬಣ್ಣಕ್ಕೆ, ದಟ್ಟ ಹಳದಿಗೆ ತಿರುಗಿದ್ದರೆ ಬಳ್ಳಿಯಲ್ಲೇ ಮಾಗಿದೆ. ಬೆಳ್ಳಗೆ ಅಥವಾ ತಿಳಿ ಹಸಿರಾಗಿದ್ದರೆ ಅಲ್ಲೇ ಬಿಡಿ. ಸಿಪ್ಪೆ ಫಳಫಳ ಹೊಳೆಯುತ್ತಿದ್ದರೆ ಎಳೆಯದು. ಮಾಗಿದ್ದು ಸ್ವಲ್ಪ ಮಂಕಾಗಿ ಕಾಣುತ್ತದೆ. ಒಂದೇ ಗಾತ್ರದ ಎರಡು ಹಣ್ಣನ್ನು ಎರಡು ಕೈಯಲ್ಲಿ ಎತ್ತಿ ನೋಡಿ, ಭಾರ ಇರುವುದನ್ನು ತಗೊಳ್ಳಿ. ಕಲ್ಲಂಗಡಿಯಲ್ಲಿ ನೂರಕ್ಕೆ ಸುಮಾರು 92 ಪಾಲು ನೀರು. ಹಗುರವಾಗಿದ್ದರೆ ಆ ನೀರು ಆರಿದೆ ಅಂತ ಅರ್ಥ. ಬಡಿದು ಸದ್ದು ಕೇಳುವವರೂ ಇದ್ದಾರೆ. ಗದ್ದಲದ ನಡುವೆ ನನಗೆ ಆ ಸದ್ದು ಗುರುತಾಗುವುದಿಲ್ಲ, ಮಚ್ಚೆಯನ್ನೇ ನಂಬುತ್ತೇನೆ. ಬೆಳೆದವರನ್ನು ಇನ್ನೊಂದು ಮಾತು ಕೇಳಬಹುದು: ಕೊಯ್ಯುವಾಗ ತೊಟ್ಟಿನ ಪಕ್ಕದ ಕುಡಿಬಳ್ಳಿ ಒಣಗಿತ್ತಾ ಅಂತ. ಸುರುಳಿ ಸುತ್ತಿಕೊಂಡಿರುವ ಆ ಎಳೆ ಒಣಗಿ ಕಂದಾದ ಮೇಲೆ ಕಿತ್ತರೆ ಹಣ್ಣು ಸರಿಯಾಗಿರುತ್ತದೆ. ಈ ಪ್ರಶ್ನೆ ಕೇಳಿದ ದಿನ ಒಬ್ಬ ಅಣ್ಣ ಮುಂದೆ ಜೋಡಿಸಿದ್ದನ್ನು ಬಿಟ್ಟು, ಹಿಂದಿನ ರಾಶಿಯಿಂದ ತಾವೇ ಒಂದು ಹಣ್ಣು ಆರಿಸಿ ಕೊಟ್ಟರು.

ಕರಬೂಜದ ಲೆಕ್ಕ ಬೇರೆ. ಬಲೆ ಬಲೆ ಸಿಪ್ಪೆಯ ಕರಬೂಜ ಮಾಗಿದಾಗ ಬಳ್ಳಿಯಿಂದ ತಾನೇ ಬಿಟ್ಟುಕೊಳ್ಳುತ್ತದೆ. ತೊಟ್ಟಿನ ಜಾಗದಲ್ಲಿ ನುಣುಪಾದ ಸಣ್ಣ ಗುಳಿ ಇರಬೇಕು. ತೊಟ್ಟು ಇನ್ನೂ ಅಂಟಿಕೊಂಡಿದ್ದರೆ ಅವಸರದಲ್ಲಿ ಕಿತ್ತಿದ್ದಾರೆ. ತೊಟ್ಟಿನ ಎದುರು ತುದಿಯನ್ನು ಮೂಗಿಗೆ ಹಿಡಿಯಿರಿ, ಅಲ್ಲಿ ಪರಿಮಳ ಬರಬೇಕು. ಮನೆಯಲ್ಲಿಟ್ಟರೆ ಮೆತ್ತಗಾಗುತ್ತದೆ, ಆದರೆ ಸಿಹಿ ಮಾತ್ರ ಹೆಚ್ಚುವುದಿಲ್ಲ.

ಎರಡನ್ನೂ ಹೆಚ್ಚುವ ಮುಂಚೆ ಸಿಪ್ಪೆಯನ್ನು ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಲೇಬೇಕು. ಸಿಪ್ಪೆ ತಿನ್ನುವುದಿಲ್ಲವಲ್ಲ ಅಂತ ಬಿಡಬೇಡಿ. ಮೇಲಿನ ಮಣ್ಣು, ಕೊಳೆ ಚಾಕುವಿನ ಜೊತೆ ತಿರುಳಿಗೆ ಇಳಿಯುತ್ತದೆ. ಹೆಚ್ಚಿದ ಹಣ್ಣನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಬಿಸಿಲು 32 ಡಿಗ್ರಿ ದಾಟಿದ ದಿನ ಒಂದು ಗಂಟೆಯೊಳಗೆ. ಮಕ್ಕಳಿರುವ ಮನೆಯಲ್ಲಿ ಈ ಬಗ್ಗೆ ಸ್ವಲ್ಪವೂ ಸಡಿಲ ಬೇಡ.

ಸೌತೆಕಾಯಿ ಸಣ್ಣದು, ಗಟ್ಟಿಯಾಗಿರುವುದು ತಗೊಳ್ಳಿ. ಎರಡೂ ತುದಿ ಬಿಗಿಯಾಗಿರಬೇಕು. ಹೊಟ್ಟೆ ಉಬ್ಬಿ ಹಳದಿಯಾಗಿದ್ದರೆ ಬೀಜ ಬಲಿತಿದೆ. ಗಿಡಕ್ಕೆ ನೀರು ಸಾಲದೆ ಬಿಸಿಲು ಜಾಸ್ತಿ ಬಿದ್ದಾಗ ಕಾಯಿ ಕಹಿಯಾಗುತ್ತದೆ. ಆ ಕಹಿ ತೊಟ್ಟಿನ ಕಡೆ, ಸಿಪ್ಪೆಯ ಕೆಳಗೆ ಹೆಚ್ಚು. ಆ ಭಾಗ ಕತ್ತರಿಸಿ ತೆಗೆದು ರುಚಿ ನೋಡಿ. ಸೋರೆಕಾಯಿ ಕಹಿ ಬಂದರೆ ಮಾತ್ರ ಪೂರ್ತಿ ಎಸೆದುಬಿಡಿ. ಬೇಯಿಸಿದರೆ ಸರಿಹೋಗುತ್ತದೆ ಅಂತ ತಿನ್ನಬೇಡಿ, ಕಹಿ ಸೋರೆಕಾಯಿ ವಿಷ. ಜ್ಯೂಸ್ ಮಾಡುವವರು ಮೊದಲು ಒಂದು ಸಣ್ಣ ಚೂರು ನಾಲಿಗೆಗೆ ಇಟ್ಟು ನೋಡಿ, ಕಹಿ ಇದ್ದರೆ ಉಗುಳಿಬಿಡಿ.

ಸೊಪ್ಪನ್ನು ಕೊನೆಯಲ್ಲಿ ಕೊಂಡು ಒದ್ದೆ ಬಟ್ಟೆಯಲ್ಲಿ ಸುತ್ತಿ. ಮನೆ ಮುಟ್ಟುವಷ್ಟರಲ್ಲಿ ಬಾಡಿದ್ದರೂ ಗಾಬರಿ ಬೇಡ. ಕಾಂಡದ ತುದಿಯನ್ನು ಒಂದಿಷ್ಟು ಕತ್ತರಿಸಿ ತಣ್ಣೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ಎಲೆ ಒಂದೊಂದಾಗಿ ಬಿಚ್ಚಿಕೊಂಡು ನೆಟ್ಟಗಾಗುತ್ತದೆ. ಎಷ್ಟು ಸಲ ನೋಡಿದರೂ ನನಗೆ ಇದು ಸಂತೋಷವೇ. ಆಮೇಲೆ ನೀರು ಚೆನ್ನಾಗಿ ಬಸಿದು, ಒಣ ಬಟ್ಟೆಯಲ್ಲಿ ಸುತ್ತಿ ಫ್ರಿಜ್‌ನಲ್ಲಿಡಿ. ನೀರು ಉಳಿದರೆ ಕೊಳೆಯುತ್ತದೆ. ಪುದೀನ, ಕೊತ್ತಂಬರಿಯನ್ನು ಲೋಟದ ನೀರಿನಲ್ಲಿ ಹೂವಿನ ಹಾಗೆ ನಿಲ್ಲಿಸಿ. ಮೂಲಂಗಿ, ಬೀಟ್‌ರೂಟ್, ಕ್ಯಾರೆಟ್ ಎಲೆ ಸಮೇತ ಸಿಕ್ಕರೆ ಅದೇ ಒಳ್ಳೆಯದು, ಎಲೆ ನೋಡಿದರೆ ಗಡ್ಡೆ ಎಷ್ಟು ತಾಜಾ ಅಂತ ಗೊತ್ತಾಗುತ್ತದೆ. ಮನೆಗೆ ಬಂದ ಕೂಡಲೇ ಎಲೆ ಬೇರೆ ಮಾಡಿ, ಇಲ್ಲದಿದ್ದರೆ ಗಡ್ಡೆಯ ನೀರನ್ನು ಎಳೆದುಕೊಳ್ಳುತ್ತದೆ. ಮೂಲಂಗಿ ಮತ್ತು ಬೀಟ್‌ರೂಟ್ ಎಲೆ ಅಡುಗೆಗೆ ಚೆನ್ನಾಗಿರುತ್ತದೆ, ಎಸೆಯಬೇಡಿ.

ಬೀನ್ಸ್ ಮುರಿದರೆ ಚಟ್ ಅನ್ನಬೇಕು, ಒಳಗಿನ ಕಾಳು ಹೊರಗೆ ಉಬ್ಬಿ ಕಾಣಬಾರದು. ಬೆಂಡೆಕಾಯಿ ಬೆರಳುದ್ದ ಇದ್ದರೆ ಸಾಕು. ಅದಕ್ಕೆ ನೀರು ಸೋಕಿಸಬೇಡಿ, ಕಾಗದದಲ್ಲಿ ಸುತ್ತಿಡಿ, ಹೆಚ್ಚುವ ಮುಂಚೆ ತೊಳೆದು ಒರೆಸಿ. ಹೊಸ ಆಲೂಗಡ್ಡೆಯ ಸಿಪ್ಪೆ ಹೆಬ್ಬೆರಳಲ್ಲಿ ಉಜ್ಜಿದರೆ ಏಳುತ್ತದೆ. ಅದು ಹಳೆ ಗಡ್ಡೆಯಷ್ಟು ದಿನ ಬಾಳುವುದಿಲ್ಲ, ಒಂದು ವಾರಕ್ಕೆ ಆಗುವಷ್ಟೇ ತನ್ನಿ.

ಟೊಮೆಟೊ ಫ್ರಿಜ್‌ಗೆ ಹಾಕಬೇಡಿ. 12 ಡಿಗ್ರಿಗಿಂತ ಕಡಿಮೆ ಚಳಿಯಲ್ಲಿ ಅದರ ಪರಿಮಳ ಹೋಗುತ್ತದೆ. ತೊಟ್ಟಿನ ಕಡೆ ಕೆಳಗೆ ಮಾಡಿ ಬಿಸಿಲು ಬೀಳದ ಕಡೆ ಹರಡಿಡಿ. ಪೂರ್ತಿ ಹಣ್ಣಾಗಿ ಇನ್ನು ನಿಲ್ಲುವುದಿಲ್ಲ ಅನ್ನಿಸಿದಾಗ ಮಾತ್ರ ಫ್ರಿಜ್. ಸೌತೆಕಾಯಿಯನ್ನು ಟೊಮೆಟೊ, ಕರಬೂಜ, ಬಾಳೆಹಣ್ಣಿನ ಪಕ್ಕ ಇಡಬೇಡಿ. ಮಾಗುವ ಹಣ್ಣಿನಿಂದ ಬರುವ ಎಥಿಲೀನ್ ಅನಿಲಕ್ಕೆ ಅದು ಬೇಗ ಹಳದಿಯಾಗುತ್ತದೆ.

ನಮ್ಮ ಮನೆಯಲ್ಲಿ ಭಾನುವಾರ ಜೋಳ ಮತ್ತು ಬಟಾಣಿ, ಸೋಮವಾರ ಮಂಗಳವಾರ ಸೊಪ್ಪು, ವಾರದ ನಡುವೆ ಬೀನ್ಸ್, ಬೆಂಡೆ, ಸೌತೆ. ಗುರುವಾರದ ಮೇಲೆ ಬೀಟ್‌ರೂಟ್, ಕ್ಯಾರೆಟ್, ಆಲೂಗಡ್ಡೆ. ಕಲ್ಲಂಗಡಿ ಇಡಿಯಾಗಿ ನೆರಳಲ್ಲಿದ್ದರೆ ವಾರ ಕಾಯುತ್ತದೆ. ಫ್ರಿಜ್ ಬಾಗಿಲಿಗೆ ಒಂದು ಚೀಟಿ ಅಂಟಿಸಿ, ಯಾವುದನ್ನು ಯಾವಾಗ ಕೊಯ್ದದ್ದು ಅಂತ ಬರೆದಿಡುತ್ತೇನೆ. ಸಂತೆಯಿಂದ ಹೊರಡುವ ಮುಂಚೆ ಇನ್ನೊಂದು ಮಾತು ಕೇಳಿ ಬನ್ನಿ: ‘ಮುಂದಿನ ವಾರ ಏನು ಬರುತ್ತೆ?’ ಹಾಗೆ ಕೇಳಿದ್ದಕ್ಕೇ ಈ ಸಲ ಸಿಹಿ ಜೋಳದ ಮೊದಲ ಕೊಯ್ಲು ಯಾವತ್ತು ಅಂತ ನನಗೆ ಗೊತ್ತಾಯಿತು. ಆ ಭಾನುವಾರ ಬೇರೆ ಅಡುಗೆ ಇಟ್ಟುಕೊಳ್ಳದೆ, ಒಲೆಯ ಮೇಲೆ ನೀರಿನ ಪಾತ್ರೆ ತಯಾರು ಮಾಡಿಟ್ಟು ಹೊರಟೆ.