ಊಟ ಮುಗೀತು, ಪಾತ್ರೆ ಇನ್ನೂ ತುಂಬಿಯೇ ಇದೆ

ಹೋದ ಶ್ರಾವಣದಲ್ಲಿ ನಮ್ಮ ಮನೆಯಲ್ಲಿ ಮೊಮ್ಮಗುವಿನ ನಾಮಕರಣ. 150 ಎಲೆ ಅಂತ ಅಡುಗೆಯವರಿಗೆ ಹೇಳಿದ್ದೆವು. ಬೆಳಗಿನಿಂದ ಬಿಡದೆ ಮಳೆ, ಬಂದವರು 95 ಜನ. ಸಂಜೆ ನಾಲ್ಕಕ್ಕೆ ಅಡುಗೆಯವರು "ಉಳಿದಿದ್ದೆಲ್ಲ ಒಳಗಿಟ್ಟಿದ್ದೀವಿ ಅಮ್ಮಾ" ಅಂತ ಹೇಳಿ ಹೊರಟರು. ಅಡುಗೆಮನೆಗೆ ಹೋಗಿ ನೋಡಿದ ಸೊಸೆ ಅಲ್ಲೇ ಮುಕ್ಕಾಲಿ ಮೇಲೆ ಕೂತುಬಿಟ್ಟಳು. ಅರ್ಧ ಕೊಪ್ಪರಿಗೆ ಅನ್ನ, ಬಿಸಿಬೇಳೆಬಾತು, ಬೀನ್ಸ್ ಪಲ್ಯ, ಕೋಸಂಬರಿ, ಎಪ್ಪತ್ತು ಹೋಳಿಗೆ, ಒಂದು ಬುಟ್ಟಿ ಅಂಬೊಡೆ, ಜಾಮೂನೆಲ್ಲ ಖಾಲಿಯಾಗಿ ಬರೀ ಪಾಕ ಉಳಿದ ದೊಡ್ಡ ಡಬರಿ. ನಮ್ಮ ತವರು ಹಾವೇರಿ ಕಡೆ, ಅವರು ಬರುತ್ತಾರೆ ಅಂತ ಮಾಡಿಸಿದ ಚಪಾತಿ ಬೇರೆ, ನಲವತ್ತರ ಮೇಲೆ.

ಮೈಸೂರಿಗೆ ಸೊಸೆಯಾಗಿ ಬಂದು ನನಗೆ ನಲವತ್ತು ವರ್ಷ ದಾಟಿತು. ಇಂಥ ಕೊಪ್ಪರಿಗೆಗಳನ್ನು ಸುಮಾರು ನೋಡಿದ್ದೇನೆ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ, ಎಲ್ಲರೂ ಹೋದ ಮೇಲೆ ಸಂಜೆ ಕಾಫಿ ಕುಡಿದು "ಈಗ ಇದನ್ನೇನು ಮಾಡೋಣ" ಅಂತ ಕೂತರೆ ಆಗಲೇ ತಡವಾಗಿರುತ್ತದೆ. ಕೊನೇ ಪಂಕ್ತಿಗೆ ಎಲೆ ಹಾಕಿದಾಗಲೇ ಶುರು ಮಾಡಬೇಕು. ಹನ್ನೊಂದಕ್ಕೆ ಬೆಂದ ಅನ್ನಕ್ಕೆ ಸಂಜೆ ನಾಲ್ಕಕ್ಕೆ ಐದು ಗಂಟೆ ವಯಸ್ಸಾಗಿರುತ್ತದೆ, ಅಲ್ವಾ? ಬೆಂದ ಅಡುಗೆ ಒಂದೋ ಕೈ ಸುಡುವಷ್ಟು ಬಿಸಿಯಾಗಿರಬೇಕು, ಇಲ್ಲವೇ ಫ್ರಿಜ್ಜಿನಲ್ಲಿ ತಣ್ಣಗಿರಬೇಕು. 60 ಡಿಗ್ರಿಗಿಂತ ಮೇಲೆ ಅಥವಾ 5 ಡಿಗ್ರಿಗಿಂತ ಕೆಳಗೆ. ನಡುವಿನ ಉಗುರುಬೆಚ್ಚಗಿನ ಸ್ಥಿತಿಯಲ್ಲಿ ಎರಡು ಗಂಟೆಗಿಂತ ಜಾಸ್ತಿ ಬಿಡಬಾರದು.

ಅನ್ನದ ವಿಷಯದಲ್ಲಂತೂ ನಾನು ಬಹಳ ಗಟ್ಟಿ. "ಕುದಿಸಿದರೆ ಎಲ್ಲ ಸರಿಹೋಗುತ್ತೆ" ಅನ್ನುವ ಮಾತನ್ನು ನಾನೂ ಬಹಳ ವರ್ಷ ನಂಬಿದ್ದೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಒಂದು ಬ್ಯಾಕ್ಟೀರಿಯಾದ ಬೀಜಾಣು ಇರುತ್ತದಂತೆ, ಅಣ್ಣನ ಮಗಳು ಕಾಲೇಜಿನಲ್ಲಿ ಇದನ್ನೇ ಓದಿಕೊಂಡು ಬಂದು ನನಗೆ ಪಾಠ ಮಾಡಿದಳು. ಅನ್ನ ಬೆಂದರೂ ಅದು ಸಾಯುವುದಿಲ್ಲ. ಬೆಚ್ಚಗೆ ಬಿಟ್ಟರೆ ಬೆಳೆದು ವಿಷ ಕಾರುತ್ತದೆ, ಆ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಅನ್ನ ಅಂಟಂಟಾಗಿ ನೂಲು ಬಂದಿದ್ದರೆ ಚಿತ್ರಾನ್ನ ಮಾಡಿ ನಿಂಬೆಹಣ್ಣು ಹಿಂಡಿ ವಾಸನೆ ಮುಚ್ಚಲು ಹೋಗಬೇಡಿ. ಸುಮ್ನೆ ಚೆಲ್ಲಿ. ವಾಸನೆ ಬರದಿದ್ದರೂ, ಮಧ್ಯಾಹ್ನದಿಂದ ರಾತ್ರಿವರೆಗೆ ಹೊರಗೇ ಇದ್ದ ಅನ್ನವನ್ನು ನಾನು ಮಕ್ಕಳಿಗೆ ಹಾಕುವುದಿಲ್ಲ.

ಅವತ್ತು ಅಷ್ಟೊಂದು ಅನ್ನ ಉಳಿಸಿಕೊಳ್ಳಲು ಆಗಿದ್ದು ಒಂದೇ ಕಾರಣಕ್ಕೆ. ಎರಡನೇ ಪಂಕ್ತಿ ಎದ್ದಾಗಲೇ ಜನ ಕಡಿಮೆ ಅಂತ ಗೊತ್ತಾಗಿ, ಕೈ ಹಾಕದ ಕೊಪ್ಪರಿಗೆಯನ್ನು ಮುಚ್ಚಿ ಕೆಂಡದ ಮೇಲೇ ಇಡಿ ಅಂತ ಅಡುಗೆಯವರಿಗೆ ಹೇಳಿದ್ದೆ. ಸಂಜೆ ಮುಚ್ಚಳ ತೆಗೆದಾಗಲೂ ಹಬೆ ಬರುತ್ತಿತ್ತು. ಬಡಿಸುವ ಬಕೆಟ್ಟಿನಲ್ಲಿ ಪಂಕ್ತಿಯಲ್ಲೆಲ್ಲ ಸುತ್ತಿ ಬಂದದ್ದನ್ನು ಮಾತ್ರ ಮೂಲ ಪಾತ್ರೆಗೆ ಸುರಿಯಬಾರದು. ಬಕೆಟ್ಟಿನದು ಬೇರೆ, ಪಾತ್ರೆಯದು ಬೇರೆ. ಮೊಸರನ್ನ, ತೆಂಗಿನಕಾಯಿ ಚಟ್ನಿ, ಕಾಯಿ ಅರೆದು ಹಾಕಿದ ಕೂಟು ಇವಕ್ಕೆ ಆಯುಷ್ಯವೇ ಕಡಿಮೆ. ಇವನ್ನು ಅವತ್ತೇ ತಿಂದು ಮುಗಿಸಬೇಕು, ಇಲ್ಲದಿದ್ದರೆ ಆಸೆ ಬಿಡಬೇಕು.

ಕೊಡುವುದಿದ್ದರೆ ಮೊದಲ ಕೆಲಸವೇ ಅದಾಗಲಿ. ಅಕ್ಕಪಕ್ಕದ ಮನೆ, ಕಟ್ಟಡ ಕಟ್ಟುತ್ತಿರುವವರ ಶೆಡ್ಡು, ಬಸ್ ಸ್ಟ್ಯಾಂಡಿನ ಹತ್ತಿರ ಆಟೋದವರು, ಯಾರಿಗೇ ಆಗಲಿ ಬಿಸಿ ಇರುವಾಗಲೇ ತಲುಪಬೇಕು. ಎರಡು ದಿನ ಫ್ರಿಜ್ಜಿನಲ್ಲಿಟ್ಟು, ನಮಗೆ ಬೇಜಾರಾದ ಮೇಲೆ ಕೆಲಸದವಳ ಡಬ್ಬಿಗೆ ತುಂಬುವ ಅಭ್ಯಾಸ ಕೆಲವರಿಗಿದೆ. ನನಗೆ ಅದು ಸೇರುವುದಿಲ್ಲ.

ಇಟ್ಟುಕೊಳ್ಳುವುದನ್ನು ಬೇಗ ತಣಿಸಬೇಕು. ದೊಡ್ಡ ಪಾತ್ರೆಯ ನಡುವೆ ರಾತ್ರಿ ಹತ್ತಕ್ಕೂ ಬಿಸಿ ಇರುತ್ತದೆ. ಹಾಗಾಗಿ ಅನ್ನವನ್ನು ಅಗಲವಾದ ತಟ್ಟೆಗಳಲ್ಲಿ ತೆಳ್ಳಗೆ ಹರಡಿ, ಸಾಂಬಾರನ್ನು ಸಣ್ಣ ಪಾತ್ರೆಗಳಿಗೆ ಹಾಕಿ ತಣ್ಣೀರಿನ ಟಬ್ಬಿನಲ್ಲಿಡಿ. ಬಿಸಿ ಆರಿದ ಕೂಡಲೇ ಫ್ರಿಜ್ಜಿಗೆ. ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಪದಾರ್ಥ ಬಿಡಲೇಬೇಡಿ. ನನ್ನ ಮದುವೆಯಾದ ಹೊಸದರಲ್ಲಿ ಕಲಾಯಿ ಹೋದ ಪಾತ್ರೆಯಲ್ಲಿ ಸಾರು ರಾತ್ರಿಯಿಡೀ ಬಿಟ್ಟಿದ್ದೆ, ಬೆಳಿಗ್ಗೆ ಅಂಚಿನಲ್ಲಿ ಹಸಿರು ಕಿಲುಬು. ಅಷ್ಟೂ ಚೆಲ್ಲಿದೆವು. ಅತ್ತೆ ಒಂದು ಮಾತೂ ಬೈಯಲಿಲ್ಲ, ಅದೇ ಜಾಸ್ತಿ ಚುಚ್ಚಿತು.

ಈಗ ಅಡುಗೆಗೆ ಬರೋಣ. ಮೊದಲು ಕೋಸಂಬರಿ, ಯಾಕೆಂದರೆ ಎಲ್ಲಕ್ಕಿಂತ ಮೊದಲು ಕೆಡುವುದು ಅದೇ. ಉಪ್ಪು ಬಿದ್ದ ಮೇಲೆ ಸೌತೆಕಾಯಿ ನೀರು ಬಿಟ್ಟು ಪಾತ್ರೆಯ ತಳದಲ್ಲಿ ಕೆರೆ ಆಗಿರುತ್ತದೆ. ಅದನ್ನು ಹಾಗೇ ತಿನ್ನಿ ಅಂದರೆ ಯಾರೂ ತಿನ್ನುವುದಿಲ್ಲ. ಆದರೆ ಅದರಲ್ಲಿ ಇರುವುದೇನು, ನೆನೆದ ಹೆಸರುಬೇಳೆ, ಸೌತೆಕಾಯಿ, ಕ್ಯಾರೆಟ್ಟು, ಕಾಯಿತುರಿ, ಹಸಿಮೆಣಸು. ಅಷ್ಟನ್ನೂ ಮಿಕ್ಸಿಗೆ ಹಾಕಿ, ಒಂದು ಚೂರು ಶುಂಠಿ ಸೇರಿಸಿ ರುಬ್ಬಿದರೆ ಹೆಸರುಬೇಳೆ ದೋಸೆ ಹಿಟ್ಟು ತಯಾರು. ನೀರು ಹಾಕುವುದೇ ಬೇಡ, ಸೌತೆಕಾಯಿ ಬಿಟ್ಟ ನೀರೇ ಸಾಕು. ತೀರಾ ತೆಳ್ಳಗಾದರೆ ಎರಡು ಚಮಚ ಅಕ್ಕಿಹಿಟ್ಟು ಹಾಕಿ. ಉಪ್ಪನ್ನು ರುಚಿ ನೋಡದೆ ಹಾಕಬೇಡಿ, ಮೊದಲೇ ಬಿದ್ದಿರುತ್ತದೆ. ಕೋಸಂಬರಿಯನ್ನು ಮಧ್ಯಾಹ್ನವೇ ಫ್ರಿಜ್ಜಿಗೆ ಸೇರಿಸಿದ್ದೆ, ರಾತ್ರಿ ಏಳಕ್ಕೆ ಉಳಿದುಕೊಂಡ ನೆಂಟರಿಗೆ ಇದೇ ಫಲಾಹಾರ. ಕೋಸಂಬರಿ ಅಂತ ಒಬ್ಬರಿಗೂ ಗೊತ್ತಾಗಲಿಲ್ಲ.

ಅನ್ನಕ್ಕೆ ಚಿತ್ರಾನ್ನ ಎಲ್ಲರಿಗೂ ಗೊತ್ತು, ಅದನ್ನು ಬಿಡಿ. ಮಾರನೇ ದಿನ ನಾನು ಮಾಡುವುದು ಅಕ್ಕಿರೊಟ್ಟಿ. ಎರಡು ಲೋಟ ಅಕ್ಕಿಹಿಟ್ಟಿಗೆ ಒಂದು ಲೋಟ ಅನ್ನ, ಚೆನ್ನಾಗಿ ಕಿವುಚಿ ನಾದಬೇಕು. ಬೀನ್ಸ್ ಪಲ್ಯವನ್ನೂ ಅದಕ್ಕೇ ಸೇರಿಸಿಬಿಡುತ್ತೇನೆ, ಎರಡೂ ಒಟ್ಟಿಗೆ ಮುಗಿಯುತ್ತವೆ. ಅನ್ನ ಸೇರಿದ ರೊಟ್ಟಿ ತಣ್ಣಗಾದರೂ ಚರ್ಮದ ಹಾಗೆ ಆಗುವುದಿಲ್ಲ, ಮಕ್ಕಳ ಡಬ್ಬಿಗೆ ಮೆತ್ತಗಿರುತ್ತದೆ. ರಾಗಿಮುದ್ದೆಗೆ ಎಸರಿಡುವಾಗ ಒಂದು ಹಿಡಿ ಅನ್ನ ಹಾಕುವುದು ಈ ಕಡೆಯ ಹಳೇ ಅಭ್ಯಾಸ, ನಾನು ಇಲ್ಲಿಗೆ ಬಂದ ಮೇಲೆ ಕಲಿತದ್ದು. ಬಿಸಿಲು ಕಾಲವಾಗಿದ್ದರೆ ಸಂಡಿಗೆಯೇ ಮಾಡಬಹುದು. ಅನ್ನ, ಹಸಿಮೆಣಸು, ಜೀರಿಗೆ, ಇಂಗು ನುಣ್ಣಗೆ ರುಬ್ಬಿ ಚಕ್ಕುಲಿ ಒರಳಿನಲ್ಲಿ ಒತ್ತಿ ಒಣಗಿಸುವುದು. ಉಪ್ಪು ಮಾತ್ರ ನಾಲಿಗೆಗೆ ಸ್ವಲ್ಪ ಸಪ್ಪೆ ಅನ್ನಿಸುವಷ್ಟೇ ಹಾಕಿ, ಒಣಗಿದ ಮೇಲೆ ಏರುತ್ತದೆ. ಶ್ರಾವಣದ ಮಳೆಯಲ್ಲಿ ಈ ಸಾಹಸಕ್ಕೆ ಹೋದರೆ ಬೂಸ್ಟು ಹಿಡಿಯುವುದು ಗ್ಯಾರಂಟಿ.

ಬಿಸಿಬೇಳೆಬಾತು ಫ್ರಿಜ್ಜಿನಲ್ಲಿ ಇಟ್ಟಿಗೆ ಆಗುತ್ತದೆ. ತಣ್ಣೀರು ಹಾಕಿ ಕಲಸಬೇಡಿ. ಬೇಕಾದಷ್ಟನ್ನೇ ತೆಗೆದು, ಸ್ವಲ್ಪ ಹುಣಸೆರಸ ಮತ್ತು ಅರ್ಧ ಚಮಚ ಬಾತಿನ ಪುಡಿ ಕುದಿಸಿದ ನೀರು ಹಾಕಿ ಸಣ್ಣ ಉರಿಯಲ್ಲಿ ಹಬೆಯಾಡುವವರೆಗೆ ಬಿಸಿ ಮಾಡಿ, ಮೇಲೆ ತುಪ್ಪದ ಒಗ್ಗರಣೆ ಕೊಡಿ. ಇಡೀ ಪಾತ್ರೆಯನ್ನು ದಿನಕ್ಕೆ ಮೂರು ಸಲ ಬಿಸಿ ಮಾಡಿ ಮತ್ತೆ ಒಳಗಿಡುವುದು ತಪ್ಪು.

ಅಂಬೊಡೆ ಮಜ್ಜಿಗೆಹುಳಿಗೆ. ಬೇರೆ ಮಾತಿಲ್ಲ. ಹುಳಿ ಕುದಿದು ಇಳಿಸಿದ ಮೇಲೆ ಹಾಕಿ, ಹತ್ತು ನಿಮಿಷ ಮುಚ್ಚಿಡಿ. ಮೆತ್ತಗಾದ ಹಪ್ಪಳ ಇದ್ದರೆ ಪುಡಿ ಮಾಡಿ ಮೊಸರಿಗೆ ಹಾಕಿ ಸಾಸಿವೆ ಒಗ್ಗರಣೆ ಕೊಟ್ಟರೆ ಗೊಜ್ಜು.

ಚಪಾತಿಯ ಕಥೆ ನನಗೆ ಇಷ್ಟ, ಯಾಕೆಂದರೆ ಅಲ್ಲಿ ನನ್ನ ತವರು ಗೆದ್ದಿತು. ಮಾದಲಿ ಗೊತ್ತಾ? ನಮ್ಮ ಕಡೆ ಹಬ್ಬಕ್ಕೆ ಗೋಧಿಯ ದಪ್ಪ ಚಪಾತಿ ಮಾಡಿ, ಪುಡಿ ಮಾಡಿ, ಬೆಲ್ಲ ಬೆರೆಸಿ ಮಾಡುವ ಸಿಹಿ. ಹಬ್ಬದ ಮಾದಲಿಗೆ ತರಿ ಹಿಟ್ಟು ಬೇಕು, ಅದು ಬೇರೆ ದರ್ಜೆ. ಉಳಿದ ಚಪಾತಿಯಿಂದ ಮಾಡಿದ್ದು ಅದರ ಬಡ ತಂಗಿ, ಆದರೂ ಲಕ್ಷಣವಾಗಿಯೇ ಇರುತ್ತಾಳೆ. ಚಪಾತಿಗಳನ್ನು ಒಣ ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಹಪ್ಪಳದ ಹಾಗೆ ಗರಿಗರಿ ಮಾಡಿ, ಮುರಿದು, ಮಿಕ್ಸಿಯಲ್ಲಿ ಎರಡು ಸುತ್ತು ತರಿತರಿಯಾಗಿ ತಿರುಗಿಸಿ. ನಾಲ್ಕು ಲೋಟ ಪುಡಿಗೆ ಒಂದೂವರೆ ಲೋಟ ಬೆಲ್ಲದ ಪುಡಿ, ಹುರಿದ ಗಸಗಸೆ, ಒಣಕೊಬ್ಬರಿ ತುರಿ, ಪುಟಾಣಿ, ಏಲಕ್ಕಿ. ಪುಟಾಣಿ ಅಂದರೆ ನಿಮ್ಮ ಹುರಿಗಡಲೆ. ತಿನ್ನುವಾಗ ಬಿಸಿ ಹಾಲು, ತುಪ್ಪ ಹಾಕಿಕೊಳ್ಳಬೇಕು. ಚಪಾತಿ ಚೆನ್ನಾಗಿ ಒಣಗಿದ್ದರೆ ಡಬ್ಬಿಯಲ್ಲಿ ಒಂದು ವಾರ ಇರುತ್ತದೆ. ಮೈಸೂರಿನಲ್ಲೇ ಹುಟ್ಟಿ ಬೆಳೆದ ನಮ್ಮ ಯಜಮಾನರು "ಇದೇನು ಹಿಟ್ಟು" ಅಂತ ಮೂಗು ಮುರಿದು, ಮೂರು ದಿನದಲ್ಲಿ ಅರ್ಧ ಡಬ್ಬಿ ಖಾಲಿ ಮಾಡಿದರು.

ಹೋಳಿಗೆ ಉಳಿದದ್ದು ಸಮಸ್ಯೆಯೇ ಅಲ್ಲ, ಒಂದಿಷ್ಟು ಹಂಚಿ, ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು ಹಂಚಿನ ಮೇಲೆ ತುಪ್ಪ ಹಾಕಿ ಬೆಚ್ಚಗೆ ಮಾಡಿದರೆ ಮೊದಲ ದಿನದ ಹಾಗೇ ಇರುತ್ತದೆ. ಹರಿದ ಚೂರುಗಳನ್ನು ಬಿಸಿ ಹಾಲಿಗೆ ಹಾಕಿ ಏಲಕ್ಕಿ ಉದುರಿಸಿ. ಹೂರಣ ಮಾತ್ರ ಉಳಿದಿದ್ದರೆ ಉಂಡೆ ಕಟ್ಟಿ ಅಕ್ಕಿಹಿಟ್ಟಿನ ಹಿಟ್ಟಿನಲ್ಲಿ ಅದ್ದಿ ಕರಿದು ಸುಕ್ಕಿನುಂಡೆ ಮಾಡಿ. ಒಬ್ಬಟ್ಟಿನ ಸಾರಂತೂ ಮಾರನೇ ದಿನಕ್ಕೇ ಹುಟ್ಟಿದ್ದು.

ಜನ ಕಣ್ಣು ಮುಚ್ಚಿ ಸಿಂಕಿಗೆ ಸುರಿಯುವುದು ಜಾಮೂನಿನ ಪಾಕವನ್ನು. ಸಕ್ಕರೆ, ಏಲಕ್ಕಿ, ಕೇಸರಿ ಎಲ್ಲ ಅದರಲ್ಲೇ ಇದೆಯಲ್ಲ! ಮೊದಲು ಸಣ್ಣ ಜರಡಿಯಲ್ಲಿ ಸೋಸಿ, ಒಂದು ಕುದಿ ಬರಿಸಿ ಆರಿಸಿ, ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಡಿ. ಕೇಸರಿಬಾತಿಗೆ ಸಕ್ಕರೆಯ ಬದಲು ಇದೇ. ಆದರೆ ರವೆಯನ್ನು ಮೊದಲು ಬರೀ ಬಿಸಿನೀರಿನಲ್ಲಿ ಬೇಯಿಸಿ, ಆಮೇಲೆ ಪಾಕ ಹಾಕಿ, ಇಲ್ಲದಿದ್ದರೆ ರವೆ ಬೇಯದೆ ಕಚಕಚ ಅನ್ನುತ್ತದೆ. ಮೈದಾಕ್ಕೆ ಬಿಸಿ ತುಪ್ಪ ಹಾಕಿ ಉಜ್ಜಿ, ಈ ಪಾಕದಲ್ಲೇ ಗಟ್ಟಿಯಾಗಿ ಕಲಸಿ, ವಜ್ರದ ಆಕಾರಕ್ಕೆ ಕತ್ತರಿಸಿ ಕರಿದರೆ ಶಂಕರಪೋಳಿ. ಸಕ್ಕರೆ ಬೇಗ ಕೆಂಪಾಗುವುದರಿಂದ ಉರಿ ಸಣ್ಣಗಿರಲಿ. ಇನ್ನೂ ಉಳಿದರೆ ಒಂದು ಲೋಟ ನೀರಿಗೆ ಮೂರು ಚಮಚ ಪಾಕ, ಅರ್ಧ ನಿಂಬೆಹಣ್ಣು, ಚಿಟಿಕೆ ಉಪ್ಪು.

ಉಳಿದದ್ದಕ್ಕೆ ಹೊಸ ರೂಪ ಕೊಡುತ್ತೇವೆ ಅಂತ ಅಂಗಡಿಗೆ ಓಡುವವರನ್ನು ಕಂಡರೆ ನನಗೆ ನಗು. ನಾನೂ ಒಂದು ಸಲ ಇದೇ ದಡ್ಡತನ ಮಾಡಿದ್ದೆ. ಒಂದು ಬಟ್ಟಲು ಆಲೂಗಡ್ಡೆ ಪಲ್ಯ ಹಾಳಾಗಬಾರದು ಅಂತ ಬ್ರೆಡ್ಡು, ಚೀಸು, ಕಾರ್ನ್‌ಫ್ಲೋರು ತರಿಸಿ, ಅರ್ಧ ಲೀಟರ್ ಎಣ್ಣೆ ಇಟ್ಟು ಕಟ್ಲೆಟ್ ಮಾಡಿದೆ. ಕೊನೆಗೆ ಉಳಿದದ್ದು ಕಟ್ಲೆಟ್ಟು, ಜೊತೆಗೆ ಅರ್ಧ ಬ್ರೆಡ್ಡು, ಅರ್ಧ ಚೀಸು, ಕರಿದ ಎಣ್ಣೆ. ಮನೆಯಲ್ಲಿ ಆಗಲೇ ಇರುವ ಹಿಟ್ಟು, ಮಜ್ಜಿಗೆ, ಒಗ್ಗರಣೆ ಇಷ್ಟರಲ್ಲೇ ಆಗದಿದ್ದರೆ ನಾನು ಆ ಪ್ರಯೋಗಕ್ಕೆ ಕೈ ಹಾಕುವುದಿಲ್ಲ.

ತಾಂಬೂಲದ ಸಾಮಾನು ಮರೆಯಬೇಡಿ. ಬಾಳೆಹಣ್ಣು ಕಪ್ಪಾದಷ್ಟೂ ಮಂಗಳೂರು ಬನ್ಸಿಗೆ ಒಳ್ಳೆಯದು. ಹಣ್ಣು ಕಿವುಚಿ, ಸಕ್ಕರೆ, ಮೊಸರು, ಜೀರಿಗೆ, ಚಿಟಿಕೆ ಸೋಡಾ ಸೇರಿಸಿ, ಹಿಡಿಯುವಷ್ಟು ಮೈದಾ ಹಾಕಿ ನಾದಿ ರಾತ್ರಿಯಿಡೀ ಬಿಡಿ, ಬೆಳಿಗ್ಗೆ ದಪ್ಪಗೆ ಲಟ್ಟಿಸಿ ಕರಿಯಿರಿ. ವೀಳ್ಯದೆಲೆಯನ್ನು ತುಪ್ಪದಲ್ಲಿ ಬಾಡಿಸಿ, ಜೀರಿಗೆ, ಮೆಣಸು, ಕಾಯಿತುರಿ ಜೊತೆ ರುಬ್ಬಿ ಮಜ್ಜಿಗೆ ಬೆರೆಸಿದರೆ ಮಲೆನಾಡಿನವರ ತಂಬುಳಿ. ಒಡೆದ ಕಾಯಿಗಳನ್ನು ಅವತ್ತೇ ತುರಿದು ಫ್ರೀಜರಿಗೆ ಹಾಕಿ.

ಹಂಚುವಾಗ ಡಬ್ಬಿಯ ಲೆಕ್ಕ ಇಟ್ಟುಕೊಳ್ಳಿ. ನಾನು ಈಗ ಐಸ್‌ಕ್ರೀಮ್ ಡಬ್ಬಿಗಳನ್ನು ತೊಳೆದು ಕೂಡಿಡುತ್ತೇನೆ, ವಾಪಸ್ ಬರದಿದ್ದರೂ ಚಿಂತೆ ಇಲ್ಲ. ತಣ್ಣಗಿನದಕ್ಕೆ ಮಾತ್ರ, ಬಿಸಿ ಸಾಂಬಾರಿಗೆ ಸ್ಟೀಲೇ ಬೇಕು. ನಾಮಕರಣದ ದಿನ ಸಾಂಬಾರು ತುಂಬಿಕೊಟ್ಟ ನನ್ನ ದೊಡ್ಡ ಸ್ಟೀಲ್ ಡಬ್ಬಿ ಯಾರ ಮನೆಗೆ ಹೋಯಿತೋ, ಇವತ್ತಿಗೂ ಬಂದಿಲ್ಲ. ಅದರ ಮುಚ್ಚಳ ಮಾತ್ರ ನಮ್ಮ ಮನೆಯಲ್ಲೇ ಇದೆ.