ಡೀಕನ್ ಸೇವೆಯ ನಡುವೆ ನನ್ನ ಎಂ.ಎ. ಓದು

ಶಿಕಾಗೋದ ಒಂದು ಕಥೋಲಿಕ ಧರ್ಮಕೇಂದ್ರದಲ್ಲಿ ನಾನು ಪರ್ಮನೆಂಟ್ ಡೀಕನ್. ಅಂದರೆ ಹೆಂಡತಿ, ಮಕ್ಕಳು, ನೌಕರಿ ಎಲ್ಲ ಇದ್ದೂ ಚರ್ಚಿನ ಸೇವೆಗೆ ದೀಕ್ಷೆ ಪಡೆದವನು. ಬಲಿಪೂಜೆ (ಮಾಸ್) ಅರ್ಪಿಸುವುದಿಲ್ಲ, ಪಾಪನಿವೇದನೆ ಕೇಳುವುದಿಲ್ಲ. ಶುಭಸಂದೇಶ ಓದುತ್ತೇನೆ, ಪ್ರಬೋಧನೆ ಮಾಡುತ್ತೇನೆ, ಸ್ನಾನದೀಕ್ಷೆ ಕೊಡುತ್ತೇನೆ, ಸಾವಿನ ಮನೆಗೆ ಹೋಗುತ್ತೇನೆ. ನಮ್ಮೂರ ಕಡೆ ಡೀಕನ್ ಅಂದರೆ ಇನ್ನೇನು ಫಾದರ್ ಆಗಲಿರುವ ಹುಡುಗ. ಬೆಂಗಳೂರಿನ ನೆಂಟರಿಗೆ ಪ್ರತಿ ಸಲವೂ ಬಿಡಿಸಿ ಹೇಳಬೇಕು.

ದೀಕ್ಷೆಯ ನಂತರ ದೈವಶಾಸ್ತ್ರದ ಎಂ.ಎ.ಗೆ ಸೇರಿದೆ. ಜನವರಿಯಲ್ಲಿ ಎರಡು ಕೋರ್ಸ್ ತೆಗೆದುಕೊಂಡದ್ದು ತಪ್ಪಾಯಿತು. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲ, ಅದರ ಕೊನೆಗೆ ಬರುವ ಪವಿತ್ರ ವಾರ ಎರಡೂ ಆ ಸೆಮಿಸ್ಟರ್‌ನಲ್ಲೇ ಬರುತ್ತವೆ. ಈಸ್ಟರ್ ಹಿಂದಿನ ರಾತ್ರಿಯ ಪಾಸ್ಖ ಜಾಗರಣೆಯ ಘೋಷಣೆ ಹಾಡುವವನು ಡೀಕನ್ನೇ. ಅದರ ಅಭ್ಯಾಸದಲ್ಲಿ ಕೋರ್ಸಿಗೆ ಬರೆಯಬೇಕಿದ್ದ ಒಂದು ಪೇಪರ್ ಬಾಕಿ ಉಳಿಯಿತು. ಮುಂದಿನ ವರ್ಷದಿಂದ ಜನವರಿಯಲ್ಲಿ ಒಂದೇ ಕೋರ್ಸ್, ಅದೂ ಹೆಂಡತಿಯ ಜೊತೆ ಕ್ಯಾಲೆಂಡರ್ ನೋಡಿದ ಮೇಲೆ. ನನ್ನ ದೀಕ್ಷೆಗೇ ಅವಳ ಒಪ್ಪಿಗೆ ಬೇಕಿತ್ತು, ಓದಿಗೆ ಬೇಡ್ವಾ? ಬೆಳಿಗ್ಗೆ ಐದಕ್ಕೆ ಪ್ರಾರ್ಥನೆ, ಆಮೇಲೆ ಏಳರವರೆಗೆ ಪುಸ್ತಕ.

ಇದಕ್ಕಿಂತ ಜಾಸ್ತಿ ನೆರವಾದದ್ದು ಪೇಪರ್‌ಗೆ ವಿಷಯ ಆರಿಸುವ ರೀತಿ. ನಾನು ಪ್ರಬೋಧನೆ ಮಾಡಬೇಕಾದ ಬೈಬಲ್ ವಾಚನವನ್ನೇ ತೆಗೆದುಕೊಳ್ಳತೊಡಗಿದೆ. ಭಾನುವಾರಗಳಲ್ಲಿ ಹೆಚ್ಚಾಗಿ ಮತ್ತಾಯನ ಶುಭಸಂದೇಶ ಓದುವ ವರ್ಷದಲ್ಲಿ, ತಪಸ್ಸು ಕಾಲದ ಐದನೇ ಭಾನುವಾರ ಯೇಸು ಸಾವಿನಿಂದ ಎಬ್ಬಿಸಿದ ಗೆಳೆಯ ಲಾಸರನ ಕಥೆ ಬರುತ್ತದೆ, ಯೊವಾನ್ನನ ಶುಭಸಂದೇಶದ 11ನೇ ಅಧ್ಯಾಯ. ಮೂವತ್ತಮೂರನೇ ವಚನದಲ್ಲಿ ಯೇಸುವಿನ ಬಗ್ಗೆ ಬರುವ ಒಂದು ಗ್ರೀಕ್ ಕ್ರಿಯಾಪದದ ಮೇಲೆ ಬರೆಯುತ್ತಿದ್ದೆ. ಕುದುರೆ ಬುಸುಗುಟ್ಟುವುದಕ್ಕೂ ಬಳಸುತ್ತಿದ್ದ ಮಾತು ಅದು. ಅದರಲ್ಲಿ ಸಿಟ್ಟಿದೆ. ಎಷ್ಟೋ ಅನುವಾದಗಳಲ್ಲಿ ಅದು ಬರೀ ಮನನೋವಾಗಿದೆ.

ಅದೇ ವಾರ ಒಂದು ಮನೆಯ ಹತ್ತೊಂಬತ್ತರ ಹುಡುಗ ಅಪಘಾತದಲ್ಲಿ ತೀರಿಕೊಂಡ. ಅಂತ್ಯಕ್ರಿಯೆಯ ಹಿಂದಿನ ರಾತ್ರಿಯ ಜಾಗರಣೆ ಪ್ರಾರ್ಥನೆ ನಡೆಸಬೇಕಾದವನು ನಾನು. ಪೇಪರ್ ಕೊಡಬೇಕಾದದ್ದು ಮಾರನೇ ದಿನ. ಶವಪೆಟ್ಟಿಗೆಯ ಪಕ್ಕದಲ್ಲಿ ಹುಡುಗನ ತಂದೆ ನನ್ನ ಕೈ ಹಿಡಿದರು. "ದೇವರ ಮೇಲೆ ಬರೀ ಸಿಟ್ಟಿದೆ ಡೀಕನ್. ಪ್ರಾರ್ಥನೆ ಬಾಯಿಗೇ ಬರ್ತಿಲ್ಲ" ಅಂದರು. ಲಾಸರ ಸತ್ತಾಗ ಯೇಸುವಿಗೂ ಸಿಟ್ಟು ಬಂದಿತ್ತು ಅಂದೆ. ಎರಡು ವಚನ ದಾಟಿದರೆ ಯೇಸು ಅತ್ತರು ಅಂತಲೂ ಇದೆ ಅಂದೆ. ಬೇರೇನೂ ಹೇಳಲಿಲ್ಲ. ಬಹಳ ಹೊತ್ತು ಅವರು ಕೈ ಬಿಡಲಿಲ್ಲ.

ಆ ರಾತ್ರಿ ಮನೆಗೆ ಬಂದು ಪೇಪರ್‌ನ ಕೊನೆಯ ಎರಡು ಪುಟ ತೆಗೆದುಹಾಕಿದೆ. ಮತ್ತೆ ಬರೆಯಲು ಎರಡು ದಿನ ಬೇಕಾಯಿತು. ಈಗ ಸೆಮಿಸ್ಟರ್ ಶುರುವಾಗುವಾಗಲೇ ಪ್ರೊಫೆಸರರಿಗೆ ಹೇಳಿಬಿಡುತ್ತೇನೆ: ಸಾವಿನ ಮನೆಯಿಂದ ಫೋನ್ ಬಂದರೆ ನನ್ನ ಪೇಪರ್ ತಡವಾಗುತ್ತದೆ. ಇಲ್ಲಿಯವರೆಗೆ ಯಾರೂ ಇಲ್ಲ ಅಂದಿಲ್ಲ.